ಇಪ್ಪತ್ತೊಂದರ ಲೆನ್ಸು ಮತ್ತು ಶೆಟ್ಟಮ್ಮ

ಫೋಟೋ ಚೆನ್ನಾಗಿ ಬರಬೇಕಾದರೆ ಎರಡು ಹೆಜ್ಜೆ ಹಿಂದಕ್ಕೆ ಸರಿಯಿರಿ ಎಂದು ಬರೆಯುವ ಮಹಾನುಭಾವರು ಯಾರೂ ಮುಂಬಯಿಯಲ್ಲಿ ಬಾಳಿದವರಲ್ಲ. ಇಲ್ಲಿ ಎರಡು ಹೆಜ್ಜೆ ಹಿಂದಕ್ಕೆ ಹೋದರೆ ಒಂದೋ ಗೋಡೆ ಸಿಗುತ್ತದೆ, ಇಲ್ಲವೇ ಗಟಾರ, ಇಲ್ಲವೇ ಇನ್ನೊಬ್ಬರ ಕಾಲು. ಕಾಲು ತುಳಿಸಿಕೊಂಡವರು ನಮ್ಮ ಏಳು ತಲೆಮಾರನ್ನು ಮರಾಠಿಯಲ್ಲಿ ವಿಚಾರಿಸಿಕೊಂಡು ಮುಂದೆ ಹೋಗುತ್ತಾರೆ. ಹಾಗಾಗಿ ಈ ಊರಿನಲ್ಲಿ ಕ್ಯಾಮೆರಾ ಹಿಡಿದವನಿಗೆ ವೈಡ್ ಆಂಗಲ್ ಲೆನ್ಸು ಶೋಕಿಯಲ್ಲ, ಅಗತ್ಯ. ಇದನ್ನು ನಾನು ನನ್ನ ಹೆಂಡತಿಗೆ ಹೇಳಿದ್ದೆ. ಅವಳು ನಂಬಲಿಲ್ಲ.

ನಂಬದಿರಲು ಅವಳಿಗೆ ಕಾರಣವಿತ್ತು. ನಾನು ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಅಳತೆ ಪರೀಕ್ಷೆಯ ವಿಭಾಗದಲ್ಲಿದ್ದವನು. ಬೇರೆಯವರು ಮಾಡಿದ್ದನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇದ್ದರೂ ವಾಪಸ್ ಕಳಿಸುವುದೇ ನನ್ನ ಕೆಲಸ. ನಿವೃತ್ತನಾದ ವರ್ಷ ಒಂದು ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾ ಕೊಂಡೆ. ಇದರಲ್ಲಿ ನಾವು ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಲೆನ್ಸು ಬೇರೆ. ಕಿಂಡಿಯೊಳಗೆ ಎರಡು ನೆರಳು ಕಾಣುತ್ತವೆ, ಲೆನ್ಸು ತಿರುಗಿಸಿ ಎರಡನ್ನೂ ಒಂದರ ಮೇಲೊಂದು ಕೂರಿಸಬೇಕು. ಎಷ್ಟು ಬರುತ್ತದೆ ಎಂದು ತೋರಿಸಲು ಬಿಳಿ ಗೆರೆಗಳ ಚೌಕಟ್ಟು ಇರುತ್ತದೆ. ಬೇರೇನೂ ಇಲ್ಲ. ಜೂಮ್ ಇಲ್ಲ, ಆಟೋ ಫೋಕಸ್ ಇಲ್ಲ, ವಿಡಿಯೋ ಇಲ್ಲ.

"ಇಷ್ಟು ಕೊಟ್ಟು ಜೂಮೇ ಇಲ್ಲದ್ದು ತಂದ್ರಾ?" ಎಂದಳು ಹೆಂಡತಿ.

"ಇದರಲ್ಲಿ ಜೂಮ್ ಮಾಡ್ಬೇಕಂದ್ರೆ ನಾವೇ ನಡೀಬೇಕು ಕಣೇ."

"ಹಾಗಾದ್ರೆ ನಡೀರಿ. ಮಾರ್ಕೆಟ್ ತನಕ ಜೂಮ್ ಮಾಡ್ಕೊಂಡು ಹೋಗಿ ಒಂದು ಕಟ್ಟು ಮೆಂತ್ಯ ತನ್ನಿ."

ಚೆಂಬೂರಿನ ನಮ್ಮ ಮನೆಯಲ್ಲಿ ನನ್ನ ಕಲೆಗೆ ಸಿಕ್ಕ ಗೌರವ ಇಷ್ಟು. ಕ್ಯಾಮೆರಾ ಜೊತೆಗಿದ್ದ ಐವತ್ತು ಎಂ.ಎಂ. ಲೆನ್ಸಿನಲ್ಲಿ ನಮ್ಮ ಹಾಲಿನ ಸೋಫಾ ಕೂಡ ಪೂರ್ತಿ ಬರುತ್ತಿರಲಿಲ್ಲ. ಲೆನ್ಸುಗಳ ಲೆಕ್ಕ ತಲೆಕೆಳಗು, ನಂಬರು ಚಿಕ್ಕದಾದಷ್ಟೂ ನೋಟ ಅಗಲ. ನನಗೆ ಚಿಕ್ಕ ನಂಬರು ಬೇಕಿತ್ತು. ನೆಪ ಸಿಕ್ಕಿರಲಿಲ್ಲ, ಅಷ್ಟೇ.

ನೆಪ ಕೊಟ್ಟವಳು ಅಕ್ಕ. ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಭಾಂಡುಪಿನಲ್ಲಿ ಸೊಸೆಯ ಜೊತೆಗಿದ್ದಾಳೆ. ಮಗ ಹಡಗಿನಲ್ಲಿ ಎಂಜಿನಿಯರು, ವರ್ಷದ ಎಂಟು ತಿಂಗಳು ನೀರಿನ ಮೇಲೆ. ಸೊಸೆ ಅದೇ ಗಲ್ಲಿಯ ಮರಾಠಿ ಹುಡುಗಿ, ಮದುವೆಯಾದ ಮೇಲೆ ಕನ್ನಡ ಕಲಿತವಳು. ಅಕ್ಕ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವಳಾದ್ದರಿಂದ ಕಲಿಸದೆ ಬಿಡುವ ಪೈಕಿಯಲ್ಲ.

ನಮ್ಮ ಅಮ್ಮ ಮೈಸೂರಿನಿಂದ ಹೊತ್ತು ತಂದ ನವರಾತ್ರಿ ಗೊಂಬೆಗಳು ಅಕ್ಕನ ಪಾಲಿಗೆ ಬಂದಿದ್ದವು. ಪಟ್ಟದ ರಾಜ ರಾಣಿ, ದಶಾವತಾರ, ಮದುವೆ ದಿಬ್ಬಣ, ಬ್ಯಾಂಡ್ ಸೆಟ್ಟು, ಹೊಟ್ಟೆ ಬಿಟ್ಟುಕೊಂಡು ಅಂಗಡಿ ಹರವಿ ಕೂತ ಶೆಟ್ಟರು, ಪಕ್ಕದಲ್ಲಿ ಶೆಟ್ಟಮ್ಮ. ಅಕ್ಕನ ಸೇರ್ಪಡೆಯಾಗಿ ಒಂದು ತಗಡಿನ ಲೋಕಲ್ ಟ್ರೈನು. ಹತ್ತಡಿ ಅಗಲದ ಹಾಲಿನಲ್ಲಿ ಗೋಡೆಯಿಂದ ಗೋಡೆಗೆ ಒಂಬತ್ತು ಮೆಟ್ಟಿಲು. ಆ ಹತ್ತು ದಿನ ಮನೆಯವರೆಲ್ಲ ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಾರೆ. ಭಾವ ತೀರಿಕೊಂಡ ವರ್ಷ, ಇನ್ನು ನೀನು ಆರತಿ ಎತ್ತಬಾರದು ಎಂದ ಬಂಧುವೊಬ್ಬರಿಗೆ ಅಕ್ಕ ಆರತಿ ತಟ್ಟೆ ಹಿಡಿದುಕೊಂಡೇ ಬಾಗಿಲು ತೋರಿಸಿದ್ದಳು.

ಇಂಥ ಅಕ್ಕನ ಕಣ್ಣಿಗೆ ಗ್ಲಾಕೋಮಾ ಬಂತು. ನೋಟ ಅಂಚಿನಿಂದ ಹೋಗುತ್ತಾ ಬರುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಔಷಧಿ ಹಾಕಿ ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರು. ಅದು ಹೇಗಿದೆ ಎಂದು ನಾನು ಕೇಳಿದಾಗ ಅಕ್ಕ ಕೈಯ ಬಳೆಯೊಂದನ್ನು ತೆಗೆದು ಕಣ್ಣಿನ ಮುಂದೆ ಹಿಡಿದಳು. "ಇಷ್ಟೇ ನೋಡು. ಇದರೊಳಗೆ ಬಂದಷ್ಟೇ ನಂದು. ಗೊಂಬೆ ಮುಂದೆ ಕೂತ್ರೆ ಮೂರು ಗೊಂಬೆ ಕಾಣುತ್ತೆ. ಆಮೇಲೆ ಕತ್ತು ತಿರುಗಿಸ್ಬೇಕು, ಇನ್ನು ಮೂರು."

ಕಳೆದ ಆಷಾಢದಲ್ಲಿ ಅವಳು ಒಂದು ವಿಷಯ ಕಂಡುಹಿಡಿದಿದ್ದಳು. ಯಾರದೋ ಮದುವೆಯ ಗ್ರೂಪ್ ಫೋಟೋವನ್ನು ಸೊಸೆಯ ಮೊಬೈಲಿನಲ್ಲಿ ಕೈ ಉದ್ದ ಮಾಡಿ ಹಿಡಿದು ನೋಡಿದಾಗ ಎಲ್ಲರೂ ಒಟ್ಟಿಗೆ ಕಂಡರಂತೆ. ಚಿಕ್ಕ ಚಿತ್ರವಾದರೆ ಇಡೀ ಚಿತ್ರ ಆ ಬಳೆಯೊಳಗೆ ಹಿಡಿಯುತ್ತದೆ.

"ಗೊಂಬೇದೂ ಹಾಗೇ ಒಂದು ತೆಗೆದುಕೊಡೋ. ಪೋಸ್ಟ್ ಕಾರ್ಡಿನಷ್ಟು. ಈ ಮೂಲೆಯಿಂದ ಆ ಮೂಲೆ, ಒಂದೂ ಬಿಡಬಾರದು. ಎಲ್ಲಾ ಒಟ್ಟಿಗೆ ನೋಡಿ ಎರಡು ವರ್ಷ ಆಯ್ತು. ಇರೋ ಬಳೇನೂ ಸಣ್ಣ ಆಗೋದ್ರೊಳಗೆ ಒಂದ್ಸಲ ನೋಡ್ಬಿಡ್ತೀನಿ."

ಕನ್ನಡಕ ಒರೆಸಿಕೊಳ್ಳುತ್ತಾ ಜಂಬ ಮಾತಾಡಿದೆ. "ಅಷ್ಟೇ ತಾನೆ? ಅದಕ್ಕೆ ಸರಿಯಾದ ಲೆನ್ಸ್ ತರ್ತೀನಿ ಬಿಡು."

"ಇವಳಿಗೆ ಹೇಳಿ ಹೇಳಿ ಸಾಕಾಯ್ತು," ಎಂದು ಅಕ್ಕ ಸೊಸೆಯ ಕಡೆ ಕೈ ಮಾಡಿದಳು. "ಮೊಬೈಲಲ್ಲಿ ತೆಗೀತಾಳೆ, ಎರಡೂ ಕಡೆ ಕತ್ತರಿಸಿರ್ತಾಳೆ. ಇದೇನು ಸೆಲೂನೇ?"

ಸೊಸೆ ತಲೆ ತಗ್ಗಿಸಿ ನಕ್ಕಳು. ಈಗಿನ ಮೊಬೈಲಿನಲ್ಲೂ ವೈಡ್ ಆಂಗಲ್ ಇದೆ, ಒಂದು ಗುಂಡಿ ಒತ್ತಿದರೆ ಆ ಕೆಲಸ ಉಚಿತವಾಗಿ ಆಗುತ್ತಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಮಾತನ್ನು ನಾನು ಎತ್ತಲಿಲ್ಲ. ವಿಚಿತ್ರವೆಂದರೆ, ಅವಳೂ ಎತ್ತಲಿಲ್ಲ.

ಅವತ್ತೇ ಜೇಬಿನಿಂದ ಸ್ಟೀಲ್ ಟೇಪು ತೆಗೆದು ಅಳೆದೆ. ಗೊಂಬೆ ಇಡುವ ಗೋಡೆಯಿಂದ ಅಡಿಗೆಮನೆಯ ಬಾಗಿಲಿಗೆ ಹನ್ನೊಂದು ಅಡಿ. ಅದರಾಚೆ ಗ್ಯಾಸ್ ಸ್ಟೋವು, ಇನ್ನೂ ಹಿಂದೆ ಹೋದರೆ ಲುಂಗಿಗೆ ಬೆಂಕಿ. ಲೆಕ್ಕ ಹಾಕಿದೆ. ಮೂವತ್ತೈದರ ಲೆನ್ಸೇ ಸಾಕು. ಎಚ್ಚರಿಕೆಗಿರಲಿ ಎಂದು ಇಪ್ಪತ್ತೆಂಟು ನಿಗದಿ ಮಾಡಿದೆ. ಮೂವತ್ತು ವರ್ಷ ಅಳತೆಯಲ್ಲಿ ತಪ್ಪದವನು ನಾನು ಎಂದು ಸೊಸೆಗೆ ಹೇಳಿಯೂ ಹೇಳಿದೆ.

ಫೋರ್ಟಿನ ಒಂದು ಗಲ್ಲಿಯಲ್ಲಿ ಹಳೆಯ ಲೆನ್ಸುಗಳ ಅಂಗಡಿಯಿದೆ. ಅಂಗಡಿಯವನು ಲೆನ್ಸನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಎತ್ತಿ ಕೊಡುತ್ತಾನೆ, ಬೆಲೆಯನ್ನು ಮಾತ್ರ ಬೇರೆ ಕಡೆ ನೋಡುತ್ತಾ ಹೇಳುತ್ತಾನೆ. ಇಪ್ಪತ್ತೆಂಟು ಹಾಕಿ ಕಿಂಡಿಯಲ್ಲಿ ಇಣುಕಿದೆ. ಬಿಳಿ ಗೆರೆಗಳೇ ಕಾಣಲಿಲ್ಲ. ಕನ್ನಡಕ ಹಾಕಿದವರಿಗೆ ಅಷ್ಟು ಅಗಲದ ಚೌಕಟ್ಟಿನ ಅಂಚು ಕಾಣುವುದಿಲ್ಲವಂತೆ.

"ಚಷ್ಮಾ ನಿಕಾಲ್ ಕೇ ದೇಖೋ, ಅಂಕಲ್," ಎಂದ.

ಕನ್ನಡಕ ತೆಗೆದು ನೋಡಿದೆ. ಗೆರೆಗಳು ಕಂಡವು, ಅಂಗಡಿಯವನು ಕಾಣಲಿಲ್ಲ. ಅಂಚು ಅಂದಾಜಿನ ಮೇಲೆ ನಡೆಯುತ್ತದೆ ಎಂದುಕೊಂಡು ಕೊಂಡೆ. ಸರಿಹೋಗದಿದ್ದರೆ ಬದಲಾಯಿಸಿಕೊಡುವುದಾಗಿ ಅವನು ಹೇಳಿದ. ನನ್ನ ಮುಖ ನೋಡಿಯೇ ಹೇಳಿದನೋ ಏನೋ.

ನವರಾತ್ರಿಯ ಮೊದಲ ದಿನ ಮಧ್ಯಾಹ್ನ ಭಾಂಡುಪಿಗೆ ಹೋದೆ. ಅಕ್ಕ ಕುರ್ಚಿಯಲ್ಲಿ ಕೂತು ಅಪ್ಪಣೆ ಮಾಡುತ್ತಿದ್ದಳು, ಸೊಸೆ ಸ್ಟೂಲು ಹತ್ತಿ ಇಳಿದು ಗೊಂಬೆ ಜೋಡಿಸುತ್ತಿದ್ದಳು.

"ಬ್ಯಾಂಡ್ ಸೆಟ್ಟು ಎಡಗಡೆ ಕೊನೆಗೆ."

"ಇಟ್ಟೆ, ಅತ್ತೆ."

"ಶೆಟ್ಟರ ಪಕ್ಕ ಶೆಟ್ಟಮ್ಮ."

"ಹೋ, ಇಟ್ಟೆ."

ನಾನು ಅಡಿಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ಕ್ಯಾಮೆರಾ ಎತ್ತಿದೆ. ತೆಗೆದೆ. ಹಿಂಬದಿಯ ಸ್ಕ್ರೀನಿನಲ್ಲಿ ನೋಡಿದರೆ ಎರಡೂ ಪಕ್ಕ ಕಟ್! ಕೆಳಗಿನ ಮೆಟ್ಟಿಲುಗಳಲ್ಲಿ ಒಂದೊಂದು ಅಡಿಯಷ್ಟು ಮಂಗಮಾಯ. ಆಗ ನನ್ನ ಬುದ್ಧಿಗೆ ಬೆಳಕಾಯಿತು. ನಾನು ಅಳೆದದ್ದು ಖಾಲಿ ಗೋಡೆಯನ್ನು. ಒಂಬತ್ತು ಮೆಟ್ಟಿಲು ಗೋಡೆಗೆ ಅಂಟಿಕೊಂಡು ನಿಲ್ಲುತ್ತವೆಯೇ? ನಾಲ್ಕೂವರೆ ಅಡಿ ಮುಂದೆ ಬಂದು ಕೂತಿದ್ದವು. ಹುಟ್ಟಿದಾಗಿನಿಂದ ಪ್ರತಿ ವರ್ಷ ನೋಡಿದ ಮೆಟ್ಟಿಲು! ಕಾರ್ಖಾನೆಯಲ್ಲಿ ಬೇರೆ ಯಾರಾದರೂ ಇಂಥ ಅಳತೆ ತಂದಿದ್ದರೆ ಅವನ ಜನ್ಮ ಜಾಲಾಡುತ್ತಿದ್ದೆ.

ಸೊಸೆ ಸ್ಕ್ರೀನಿಗೆ ಬಗ್ಗಿ ನೋಡಿ, "ಮಾಮಾ, ಏಕ್‌ದಮ್ ಮಸ್ತ್ ಬಂದಿದೆ! ಇದೇ ಸಾಕು ನಾ," ಎಂದಳು.

ನನ್ನ ಫೋಟೋ ನೋಡಿ ಮಸ್ತ್ ಎಂದ ಮೊದಲ ಮನುಷ್ಯಪ್ರಾಣಿ. ಆನಂದವಾಯಿತು. ಅಕ್ಕ ಕ್ಯಾಮೆರಾ ಇಸಿದುಕೊಂಡು ಕೈ ಉದ್ದ ಮಾಡಿ ನೋಡಿ, ಮಡಿಲಿಗೆ ಇಳಿಸಿದಳು.

"ಬ್ಯಾಂಡಿನವರು ಎಲ್ಲೋ? ಶೆಟ್ಟರು ಎಲ್ಲಿ? ನೀನೂ ಸೆಲೂನ್ ಇಟ್ಟೆಯಾ?"

ಮಾರನೆಯ ದಿನ ಫೋರ್ಟಿಗೆ ಹೋಗಿ ಇಪ್ಪತ್ತೆಂಟಕ್ಕೆ ಬದಲು ಇಪ್ಪತ್ತೊಂದನ್ನು ಕೇಳಿದೆ. ಅಂಗಡಿಯವನು ಹಳೆಯದನ್ನೂ ಹಬ್ಬ ಮುಗಿಯುವವರೆಗೆ ಇಟ್ಟುಕೊಂಡು ಎರಡನ್ನೂ ತೂಗಿ ನೋಡಿ ಎಂದ. ಇಪ್ಪತ್ತೊಂದರ ಅಗಲ ಕ್ಯಾಮೆರಾದ ಸ್ವಂತ ಕಿಂಡಿಗೆ ಹಿಡಿಯುವುದೇ ಇಲ್ಲ. ಅದಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಇನ್ನೊಂದು ಗಾಜಿನ ಕಿಂಡಿಯನ್ನು ಕ್ಯಾಮೆರಾ ನೆತ್ತಿಗೆ ಸಿಕ್ಕಿಸಬೇಕು. ಫೋಕಸ್ ಒಂದರಲ್ಲಿ, ನೋಟ ಇನ್ನೊಂದರಲ್ಲಿ. ಮನೆಯಲ್ಲಿ ಹೆಂಡತಿ ನೋಡಿ, "ಕೊಂಬೂ ಬಂತಾ? ಇನ್ನು ಹುಲ್ಲು ಹಾಕೋದೊಂದು ಬಾಕಿ," ಎಂದಳು.

ಏಳನೆಯ ದಿನ ಮಧ್ಯಾಹ್ನ ಮತ್ತೆ ಅದೇ ಬಾಗಿಲು. ನೆತ್ತಿಯ ಕಿಂಡಿಗೆ ಕಣ್ಣಿಟ್ಟೆ. ಆಹಾ! ಒಂಬತ್ತು ಮೆಟ್ಟಿಲೂ ಅಂಗೈಯಗಲಕ್ಕೆ ಇಳಿದು, ಈ ಗೋಡೆಯಿಂದ ಆ ಗೋಡೆಯವರೆಗೆ ಚಿಕ್ಕದಾಗಿ, ಸ್ಫುಟವಾಗಿ ಕೂತಿದ್ದವು. ಎಲ್ಲವೂ ಒಂದೇ ನೋಟಕ್ಕೆ. ಹಾಗೆ ಕಂಡದ್ದರಿಂದಲೇ ಇನ್ನೊಂದೂ ಕಂಡಿತು.

ಎಡಗಡೆಯ ಕೊನೆಯಲ್ಲಿ ಬ್ಯಾಂಡ್ ಸೆಟ್ಟು ಇರಲಿಲ್ಲ. ಅಲ್ಲಿ ಸ್ನಾನದ ಬಕೀಟಿನಲ್ಲಿ ತೇಲಿಸುವ ಹಳದಿ ಪ್ಲಾಸ್ಟಿಕ್ ಬಾತುಕೋಳಿ ಕೂತಿತ್ತು. ಬಲಗಡೆಯ ಕೊನೆಯಲ್ಲಿ ಶೆಟ್ಟರು ಒಬ್ಬರೇ ಹೊಟ್ಟೆ ಸವರಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಶೆಟ್ಟಮ್ಮನ ಬದಲು ಒಂದು ಶಾಂಪೂ ಬಾಟ್ಲಿಗೆ ರವಿಕೆ ಕಣ ಸುತ್ತಿ ನಿಲ್ಲಿಸಿತ್ತು. ಹಾವಾಡಿಗ ಇಲ್ಲ, ಪೊಲೀಸಿನವನು ಇಲ್ಲ. ಎರಡೂ ಅಂಚು ಬೋಳು ಬೋಳು.

ಕ್ಯಾಮೆರಾ ಇಳಿಸಿದೆ. ಸೊಸೆ ನನ್ನನ್ನೇ ನೋಡುತ್ತಿದ್ದಳು. ತಲೆ ಬೇಡ ಬೇಡ ಎಂದು ಅಲ್ಲಾಡುತ್ತಿತ್ತು. ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ಅವಳು ಹಿಂದೆಯೇ ಬಂದು ಪಿಸುಗುಟ್ಟಿದಳು.

"ಮಾಮಾ, ದೋನ್ ವರ್ಷ ಆಯ್ತು. ಅತ್ತೆ ಕಣ್ಣಿನ ಆಸ್ಪತ್ರೇಲಿ ಇದ್ರು. ನಾನು ಮೇಲಿಂದ ಟ್ರಂಕ್ ತೆಗೀತಿದ್ದೆ, ಕೈ ಜಾರ್ತು. ಸಾತ್ ಗೊಂಬೆ ಒಡೀತು. ಅವರ ಅಮ್ಮನದ್ದು... ಹೇಗೆ ಹೇಳ್ಲಿ? ಅವರಿಗೆ ಸೈಡು ಕಾಣಲ್ಲ ಅಂತ... ಪ್ಲೀಸ್, ಮೊದಲಿನ ಲೆನ್ಸ್ ಹಾಕಿ ನಾ."

ಮೊದಲ ದಿನದ ಮಸ್ತ್ ಯಾಕೆ ಎಂದು ಈಗ ಗೊತ್ತಾಯಿತು. ಎರಡು ವರ್ಷದ ಸೆಲೂನೂ ಗೊತ್ತಾಯಿತು. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ.

ಚೀಲದಲ್ಲಿ ಎರಡೂ ಲೆನ್ಸು ಇದ್ದವು. ಇಪ್ಪತ್ತೆಂಟು ಹಾಕಿದರೆ ಈ ಹುಡುಗಿ ಉಳಿಯುತ್ತಾಳೆ, ಅಕ್ಕನಿಗೂ ಏನೂ ಗೊತ್ತಾಗುವುದಿಲ್ಲ, ಕ್ಯಾಮೆರಾ ಇಷ್ಟೇ ಹಿಡಿಯುವುದು ಎಂದರಾಯಿತು. ಇಪ್ಪತ್ತೊಂದು ಹಾಕಿದರೆ ಅಕ್ಕ ಕೇಳಿದ್ದನ್ನು ಕೊಟ್ಟಂತಾಗುತ್ತದೆ. ಅವಳು ಕೇಳಿದ್ದು ಈ ಬೋಳು ಅಂಚನ್ನಲ್ಲವಲ್ಲ! ಯಾವ ಪುಸ್ತಕದಲ್ಲೂ ಲೆನ್ಸು ಆರಿಸುವುದಕ್ಕೆ ಇಂಥ ಸೂತ್ರ ಬರೆದಿಲ್ಲ. ನಾನು ಹೇಡಿ. ಹಾಲಿಗೆ ಬಂದು, ಸದ್ದಿಲ್ಲದೆ ಇಪ್ಪತ್ತೊಂದನ್ನು ತಿರುಗಿಸಿ ಬಿಚ್ಚಿದೆ. ಕ್ಲಿಕ್ ಎಂದಿತು.

"ಏನು ಬಿಚ್ತಿದೀಯ?" ಎಂದಳು ಅಕ್ಕ. ಅವಳ ಕಿವಿ ನಾಯಿಯ ಕಿವಿ.

"ಏನಿಲ್ಲ, ಲೆನ್ಸು..."

"ನಿನ್ನ ಹೆಂಡ್ತಿ ಫೋನಲ್ಲಿ ಹೇಳಿದ್ಲಲ್ಲ, ಕೊಂಬಿರೋದು, ಅದೇ ತಾನೆ ದೊಡ್ಡದು? ಅದರಲ್ಲೇ ತೆಗಿ. ಫೋರ್ಟಿಗೆ ಎರಡು ಸಲ ಅಲೆದಿದೀಯ ನನಗೋಸ್ಕರ."

ಇಪ್ಪತ್ತೊಂದನ್ನೇ ವಾಪಸ್ ಹಾಕಿ ತೆಗೆದೆ.

ಆಮೇಲೆ ನಾನು ಮಾಡಿದ್ದು ಹೇಳಿಕೊಳ್ಳುವಂಥದ್ದಲ್ಲ. ಸ್ಟೇಷನ್ ಹತ್ತಿರದ ಸ್ಟುಡಿಯೋಗೆ ಹೋಗಿ ಆ ಫೋಟೋವನ್ನು ಕ್ಯಾರಂ ಬೋರ್ಡಿನಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹಲಗೆಗೆ ಅಂಟಿಸಿಕೊಂಡೆ. ಅಷ್ಟು ದೊಡ್ಡದರಲ್ಲಿ ಅಕ್ಕನಿಗೆ ಒಂದು ಸಲಕ್ಕೆ ಒಂದೆರಡು ಗೊಂಬೆ ಮಾತ್ರ ಕಾಣುತ್ತವೆ, ಅಂಚಿಗೆ ಹೋಗುವಷ್ಟರಲ್ಲಿ ಸುಸ್ತಾಗುತ್ತಾಳೆ ಎಂದು ನನ್ನ ಲೆಕ್ಕ. ಸ್ಟುಡಿಯೋದವನು ಬಣ್ಣ ಸರಿಯಿದೆಯೇ ನೋಡಲು ಪೋಸ್ಟ್ ಕಾರ್ಡಿನಷ್ಟು ಒಂದು ಮಾದರಿ ತೆಗೆದಿದ್ದ. ಅದನ್ನೂ ಕೊಟ್ಟ. ಅಂಗಿಯ ಜೇಬಿಗೆ ಹಾಕಿಕೊಂಡೆ. ಹರಿದು ಬಿಸಾಡಬಹುದಿತ್ತು, ಬಿಸಾಡಲಿಲ್ಲ.

ಎಂಟನೆಯ ದಿನ ಆ ಹಲಗೆಯನ್ನು ಲೋಕಲ್ಲಿನಲ್ಲಿ ತಲೆಯ ಮೇಲೆ ಹೊತ್ತು, ಸಹಪ್ರಯಾಣಿಕರಿಂದ ಸಕಲ ಉಪಚಾರ ಮಾಡಿಸಿಕೊಂಡು ಅಕ್ಕನ ಮುಂದೆ ನಿಲ್ಲಿಸಿದೆ. ಅವಳು ಮೂಗು ತಾಗಿಸಿ ನೋಡಿದಳು. ಹಿಂದೆ ಸರಿದಳು. ಕತ್ತು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು.

"ಇದನ್ನ ನೋಡಿ ಮುಗಿಸೋಕೆ ಬಸ್ ಹತ್ಕೊಂಡು ಹೋಗ್ಬೇಕು. ನಾನು ಪೋಸ್ಟ್ ಕಾರ್ಡಿನಷ್ಟು ಅಂದಿರ್ಲಿಲ್ವೇನೋ?"

ಅವಳ ದನಿಯಲ್ಲಿ ಬೈಗುಳ ಇರಲಿಲ್ಲ, ಬೇಸರ ಇತ್ತು. ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಜೇಬಿನಿಂದ ಚಿಕ್ಕದನ್ನು ತೆಗೆದು ಅವಳ ಕೈಗಿಟ್ಟೆ. ಬಾಗಿಲಲ್ಲಿ ನಿಂತಿದ್ದ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು.

ಅಕ್ಕ ಕೈ ಉದ್ದ ಮಾಡಿದಳು. ಮೊದಲು ಮುಖ ಅರಳಿತು. "ಅಯ್ಯೋ, ಎಲ್ಲಾ ಇದೆ ಕಣೋ! ರಾಜ, ರಾಣಿ, ದಿಬ್ಬಣ, ನನ್ನ ಲೋಕಲ್ಲು..." ಆಮೇಲೆ ಎಡ ಅಂಚಿಗೆ ಬೆರಳಿಟ್ಟಳು.

"ಇದೇನು ಬಾತುಕೋಳಿ?"

ನಾನು ದೊಡ್ಡ ಫೋಟೋದ ಹಿಂದಕ್ಕೆ ಸರಿದೆ.

"ಶೆಟ್ಟಮ್ಮ ಎಲ್ಲಿ?"

ಸೊಸೆ ಬಂದು ಅವಳ ಕಾಲ ಹತ್ತಿರ ಕುಸಿದು ಕೂತು, ಅಳುತ್ತಾ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಎಲ್ಲ ಹೇಳಿದಳು. ಅಕ್ಕ ಪೂರ್ತಿ ಕೇಳಿದಳು. ಆಮೇಲೆ ಗುಡುಗಿದಳು ನೋಡಿ, ಕೆಳಗಿನ ಮನೆಯವರು ಟಿವಿ ಸಣ್ಣ ಮಾಡಿದರು.

"ಒಡೆದದ್ದಕ್ಕೆ ಸಿಟ್ಟಲ್ಲ ಕಣೇ! ಮಣ್ಣಿನದು, ಒಡೆಯುತ್ತೆ. ಎರಡು ವರ್ಷ ದಿನಾ ಸಂಜೆ ಆರತಿ ಎತ್ತಿದೀನಲ್ಲೇ, ಶಾಂಪೂ ಬಾಟ್ಲಿಗೆ! ಅದರ ಮುಂದೆ ಹಾಡು ಬೇರೆ ಹೇಳಿದೀನಿ! ಕಣ್ಣು ಕಾಣಲ್ಲ ಅಂದ್ರೆ ಮನೇಲಿ ಏನು ಬೇಕಾದ್ರೂ ಇಡಬಹುದಾ? ಎಲ್ಲಿ ಹಾಕಿದೀಯ ಅವುಗಳನ್ನ?"

"ಮಂಚದ ಕೆಳಗೆ... ಪೇಪರಲ್ಲಿ ಸುತ್ತಿ ಇಟ್ಟಿದೀನಿ. ಬಿಸಾಡಕ್ಕೆ ಮನಸ್ಸು ಬರ್ಲಿಲ್ಲ."

"ತಗೊಂಬಾ. ಇವತ್ತೇ ಇಡು, ಅವುಗಳ ಜಾಗದಲ್ಲೇ ಇಡು."

"ಆದ್ರೆ ಅತ್ತೆ, ಒಡೆದಿದ್ದು ಪೂಜೇಲಿ ಇಡಬಾರದು ಅಂತಾರೆ ನಾ..."

"ಯಾರವರು ಅನ್ನೋರು? ನನ್ನ ಕಣ್ಣೂ ಒಡೆದಿದೆ. ನನ್ನನ್ನೂ ಪೇಪರ್ ಸುತ್ತಿ ಮಂಚದ ಕೆಳಗೆ ತಳ್ತೀಯಾ?"

ಸೊಸೆಯ ಅಳು ನಿಂತೇ ಹೋಯಿತು. ನನ್ನದು ಶುರುವಾಯಿತು. ಕ್ಯಾಮೆರಾ ಒರೆಸುವ ಬಟ್ಟೆಯಲ್ಲಿ ಮೂಗು ಒರೆಸಿಕೊಂಡೆ.

ಏಳೂ ಬಂದವು. ಕೈಯಿಲ್ಲದ ತುತ್ತೂರಿಯವನು, ಟೋಪಿ ಮಾತ್ರ ಉಳಿದ ಪೊಲೀಸಿನವನು, ಹಾವು ಕಳೆದುಕೊಂಡ ಹಾವಾಡಿಗ. ಶೆಟ್ಟಮ್ಮನ ತಲೆ ಬೇರೆ, ಮೈ ಬೇರೆ. ಅಕ್ಕ ಒಂದೊಂದನ್ನೂ ಬೆರಳಿನಲ್ಲಿ ತಡವಿ ಗುರುತು ಹಿಡಿದು, ಸೊಸೆಯ ಭುಜ ಹಿಡಿದುಕೊಂಡು ತಾನೇ ಇಟ್ಟಳು. ಶೆಟ್ಟಮ್ಮನ ತಲೆಯನ್ನು ಅವಳ ಮಡಿಲಲ್ಲೇ ಇಟ್ಟಳು. ಶಾಂಪೂ ಬಾಟ್ಲಿ ಬಚ್ಚಲಿಗೆ ಹೋಯಿತು. ಬಾತುಕೋಳಿ ಇರಲಿ, ಎರಡು ವರ್ಷ ಸೇವೆ ಮಾಡಿದೆ ಎಂದಳು. ನಾನು ಬಾಗಿಲಿಗೆ ಬೆನ್ನು ಕೊಟ್ಟು, ಇಪ್ಪತ್ತೊಂದರಲ್ಲಿ ಇನ್ನೊಂದು ತೆಗೆದೆ. ವೈಡ್ ಲೆನ್ಸು ಅಂಚಿನಲ್ಲಿದ್ದವರನ್ನು ಎಳೆದು ದಪ್ಪ ಮಾಡುತ್ತದೆ. ಶೆಟ್ಟರ ಹೊಟ್ಟೆ ಇನ್ನೂ ಒಂದಿಷ್ಟು ಬೆಳೆಯಿತು.

ವಿಜಯದಶಮಿಯ ಮಧ್ಯಾಹ್ನ ಪೋಸ್ಟ್ ಕಾರ್ಡಿನಷ್ಟೇ ಪ್ರಿಂಟ್ ಮಾಡಿಸಿ ತಂದುಕೊಟ್ಟೆ. ಅಕ್ಕ ಕೈ ಉದ್ದ ಮಾಡಿ ಈ ಮೂಲೆಯಿಂದ ಆ ಮೂಲೆಗೆ, ಕತ್ತು ತಿರುಗಿಸದೆ, ನಿಧಾನವಾಗಿ ನೋಡಿದಳು. ತುಟಿಯಲ್ಲೇ ಎಣಿಸಿದಳು. ಮುಖದಲ್ಲಿ ಸಮಾಧಾನ ಕಂಡಿತು. ನನಗೆ ಹೆಮ್ಮೆಯೆನಿಸಿತು. ಹೊಗಳಲಿ ಎಂದು ಕಾದೆ.

"ನಿನಗೆ ಯಾವಾಗ ಗೊತ್ತಾಯ್ತೋ?" ಎಂದಳು.

"ಏಳನೇ ದಿನ. ಈ ಲೆನ್ಸ್ ಹಾಕಿ ನೋಡಿದಾಗ."

"ಹೋದ ವರ್ಷ ಬಂದಿದ್ದೆ. ಅದರ ಹಿಂದಿನ ವರ್ಷವೂ ಬಂದಿದ್ದೆ. ಇಲ್ಲೇ ಗೊಂಬೆ ಮುಂದೆ ಕೂತು ಎರಡೆರಡು ಸಲ ಉಸಲಿ ಹಾಕಿಸ್ಕೊಂಡು ತಿಂದಿದ್ದೆ. ಅಮ್ಮ ಗೊಂಬೆ ಇಡುವಾಗ ಶೆಟ್ಟಮ್ಮನ್ನ ನಾನೇ ಇಡಬೇಕು ಅಂತ ಹಟ ಮಾಡ್ತಿದ್ದೋನು ನೀನು."

ಅದು ನನಗೆ ಮರೆತೇ ಹೋಗಿತ್ತು.

"ನಂದು ಗ್ಲಾಕೋಮಾ, ಡಾಕ್ಟ್ರು ಬರೆದುಕೊಟ್ಟಿದಾರೆ," ಎಂದಳು ಅಕ್ಕ, ಫೋಟೋದಿಂದ ಕಣ್ಣು ತೆಗೆಯದೆ. "ನಿನ್ನ ಕಣ್ಣಿಗೇನಾಗಿತ್ತೋ?"

ಸೊಸೆ ಉಸಲಿ ತಂದು ನನ್ನ ಮುಂದಿಟ್ಟಳು. ನಾನು ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಬಲಗಡೆಯ ಕೊನೆಯ ಮೆಟ್ಟಿಲಿನ ಹತ್ತಿರ ಹೋಗಿ ಶೆಟ್ಟಮ್ಮನ ಎದುರು ನೆಲದ ಮೇಲೆ ಕೂತೆ.